ಬಾವಲಿ ಬಿಟ್ಟುಹೋದ ಹೊನ್ನೆಕಾಯಿ

ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ಬೇಗ ಎದ್ದು ನಮ್ಮ ಹಿತ್ಲಿನ ಮಾವಿನ ಮರದ ಬುಡಕ್ಕೆ ಹೋದ್ರೆ ಹತ್ತಿಪ್ಪತ್ತು ಹೊನ್ನೆಕಾಯಿ ಬಿದ್ದಿರ್ತವೆ. ಮಾವಿನ ಮರದ ಕೆಳಗೆ ಹೊನ್ನೆಕಾಯಿ ಎಲ್ಲಿಂದ ಬಂತು ಅಂದ್ರೆ, ಬಾವಲಿ ತಂದಿದ್ದು. ದೇವಸ್ಥಾನದ ಹತ್ರ ಇರೋ ಹಳೇ ಹೊನ್ನೆ ಮರದಿಂದ ರಾತ್ರಿ ಒಂದೊಂದೇ ಕಾಯಿ ಕಚ್ಕೊಂಡು ಬಂದು, ಇಲ್ಲಿ ತಲೆಕೆಳಗಾಗಿ ನೇತಾಡ್ಕೊಂಡು ಮೇಲಿನ ತೆಳ್ಳಗಿನ ತಿರುಳನ್ನ ಕೆರೆದು ತಿಂದು, ಒಳಗಿನ ಗಟ್ಟಿ ಗುಂಡನ್ನ ಕೆಳಗೆ ಬಿಟ್ಟು ಹೋಗುತ್ತೆ. ಮೈಮೇಲೆ ಹಲ್ಲಿನ ಗೆರೆ ಹಾಗೇ ಇರುತ್ತೆ, ಮುಟ್ಟಿದ್ರೆ ಇನ್ನೂ ಸ್ವಲ್ಪ ಅಂಟು. ಸಿಪ್ಪೆ ಸುಲಿಯೋ ಕೆಲಸ ಅದೇ ಮಾಡಿಕೊಟ್ಟಿರುತ್ತೆ, ನಾನು ಬಕೆಟ್ ಹಿಡ್ಕೊಂಡು ಹೋಗಿ ಆರಿಸ್ಕೊಂಡು ಬರೋದಷ್ಟೇ. ನನ್ನ ಸಣ್ಣ ನರ್ಸರಿಗೆ ಈ ಐದಾರು ವರ್ಷದಿಂದ ಬೀಜ ಬರ್ತಿರೋದು ಹೀಗೇನೇ.

ನಮ್ಮೂರು ಕುಮಟಾ ಮತ್ತೆ ಹೊನ್ನಾವರದ ನಡುವೆ, ಸಮುದ್ರಕ್ಕೆ ಅಂಟಿಕೊಂಡೇ ಇರೋದು. ಇಲ್ಲಿ ದಂಡೆಗೆ ಬೇಲೆ ಅಂತಾರೆ, ಮರಳಿಗೆ ಹೊಯ್ಗೆ. ನಾನು ಬರೀತಿರೋ ಮರ ಸುರಹೊನ್ನೆ, ಊರ ಬಾಯಲ್ಲಿ ಬರೀ ಹೊನ್ನೆ. ಘಟ್ಟದ ಮೇಲಿನವರಿಗೆ ಹೊನ್ನೆ ಅಂದ್ರೆ ಬೇರೆ ಮರ ನೆನಪಾಗುತ್ತೆ, ಆ ಕೆಂಪು ಅಂಟು ಸುರಿಸೋ ಬೆಟ್ಟಹೊನ್ನೆ, ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಇದು ಕಡಲಂಚಿನ ಮರ. ಸಸ್ಯಶಾಸ್ತ್ರದಲ್ಲಿ ಕ್ಯಾಲೋಫಿಲಮ್ ಇನೋಫಿಲಮ್ ಅಂತ ಕರೀತಾರೆ, ಕ್ಯಾಲೋಫಿಲಮ್ ಅಂದ್ರೆ ಗ್ರೀಕ್ ಭಾಷೇಲಿ ಚಂದದ ಎಲೆ. ಆ ಎಲೆ ಒಂದನ್ನ ಕಿತ್ತು ಬೆಳಕಿಗೆ ಹಿಡಿದು ನೋಡಿದ್ರೆ ಯಾಕೆ ಆ ಹೆಸರು ಅಂತ ಗೊತ್ತಾಗುತ್ತೆ, ನಡುವಿನ ದಪ್ಪ ನರದಿಂದ ಎರಡೂ ಕಡೆಗೆ ಬಾಚಣಿಗೆ ಹಲ್ಲಿನ ಹಾಗೆ ಸಣ್ಣ ಸಣ್ಣ ಗೆರೆಗಳು, ಒಂದಕ್ಕೊಂದು ಅಷ್ಟು ಹತ್ರ, ಅಷ್ಟು ನೇರ. ಎಲೆ ದಪ್ಪ, ಮೇಲೆ ಎಣ್ಣೆ ಸವರಿದ ಹಾಗೆ ಹೊಳಪು, ಉಪ್ಪುಗಾಳಿಗೆ ಅದೇ ರಕ್ಷಣೆ. ಚಳಿಗಾಲದಲ್ಲಿ ಬಿಳೀ ಹೂವು, ನಡುವೆ ಹಳದಿ ಕೇಸರಗಳ ಗೊಂಚಲು, ಅದರ ಪರಿಮಳ ಸಂಜೆ ಹೊತ್ತಿಗೆ ರಸ್ತೆವರೆಗೂ ಬರುತ್ತೆ. ಆಫ್ರಿಕಾದ ಪೂರ್ವ ಕರಾವಳಿಯಿಂದ ಹಿಡಿದು ಪೆಸಿಫಿಕ್ ದ್ವೀಪಗಳವರೆಗೆ ಈ ಮರ ಇದೆ, ತಾಹಿತಿಯಲ್ಲಿ ಇದಕ್ಕೆ ತಮಾನು ಅಂತಾರೆ, ಅಲ್ಲಿ ಪೂಜೆಯ ಜಾಗಗಳಲ್ಲಿ ಬೆಳೆಸ್ತಿದ್ರಂತೆ. ನಮ್ಮಲ್ಲೂ ಹಾಗೇ ಅಲ್ವಾ, ಹಳೇ ಹೊನ್ನೆ ಮರ ನೋಡ್ಬೇಕು ಅಂದ್ರೆ ದೇವಸ್ಥಾನದ ಹತ್ರ ಇಲ್ಲಾ ನಾಗಬನದ ಒಳಗೆ ಹೋಗ್ಬೇಕು, ಉಳಿದ ಕಡೆ ಕಡಿದು ಎಷ್ಟೋ ಕಾಲ ಆಯ್ತು.

ನನ್ನ ಅಜ್ಜಿಗೆ ಹೊನ್ನೆ ಅಂದ್ರೆ ದೀಪ. ಚಿಮಣಿ ಎಣ್ಣೆ ದುಡ್ಡು ಕೊಟ್ಟು ತರ್ಬೇಕಿತ್ತು, ಹೊನ್ನೆಕಾಯಿ ಪುಕ್ಕಟೆ, ಮಕ್ಕಳನ್ನ ಕಳಿಸಿದ್ರೆ ಬುಟ್ಟಿ ತುಂಬಿಸ್ಕೊಂಡು ಬರ್ತಿದ್ವು. ಅಂಗಳದಲ್ಲಿ ಕೂತು ಕಲ್ಲಿನ ಮೇಲೆ ಇಟ್ಟು ಒಂದೊಂದೇ ಕುಟ್ಟಿ, ಒಳಗಿನ ಬಿಳೀ ತಿರುಳನ್ನ ತೆಗೆದು ವಾರಗಟ್ಟಲೆ ಬಿಸಿಲಿಗೆ ಒಣಗಿಸ್ತಿದ್ರು. ಒಣಗ್ತಾ ಒಣಗ್ತಾ ಅದು ಕಂದು ಬಣ್ಣಕ್ಕೆ ತಿರುಗಿ ಜಿಡ್ಡು ಜಿಡ್ಡಾಗುತ್ತೆ, ಆಮೇಲೆ ಗಾಣಕ್ಕೆ. ಒಣಗಿದ ತಿರುಳಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚೇ ಎಣ್ಣೆ ಇರುತ್ತೆ. ಎಣ್ಣೆ ದಪ್ಪ, ಹಸಿರು ಮಿಶ್ರಿತ ಕಪ್ಪು, ಒಂಥರಾ ಮದ್ದಿನ ವಾಸನೆ, ಬಾಯಿಗೆ ಹಾಕೋ ಹಾಗಿಲ್ಲ. ಗಂಟುನೋವಿಗೆ ಹಚ್ಚೋರು, ಹುಣ್ಣಿಗೆ ಹಚ್ಚೋರು, ಉಳಿದಿದ್ದು ದೀಪಕ್ಕೆ, ಹಿಂಡಿ ತೆಂಗಿನ ಬುಡಕ್ಕೆ. ಅಪ್ಪ ಪ್ರೈಮರಿ ಶಾಲೆ ಓದಿದ್ದು ಅದೇ ದೀಪದ ಬೆಳಕಲ್ಲಿ, ಬೆಳಿಗ್ಗೆ ಎದ್ರೆ ಮೂಗಿನ ಹೊಳ್ಳೆ ಕಪ್ಪಾಗಿರ್ತಿತ್ತು ಅಂತ ಹೇಳ್ತಿದ್ರು. ಕರೆಂಟು ಬಂತು, ಗಾಣ ನಿಂತು ಹೋಯ್ತು, ಆಮೇಲೆ ಯಾರಿಗೂ ಹೊನ್ನೆಕಾಯಿ ಬೇಡ. ಮರ ಕಡಿಯೋಕೆ ಶುರುವಾಗಿದ್ದೂ ಆಗಲೇ ಅಂತ ನನಗೆ ಅನ್ಸುತ್ತೆ, ಬಳಕೆ ಇರೋವರೆಗೆ ಮರಕ್ಕೂ ಒಂದು ಕಾವಲು ಇರುತ್ತೆ.

ಈಗ ನಮ್ಮ ಬೇಲೆ ಮೇಲೆ ಕಾಣೋದು ಬರೀ ಗಾಳಿ ಮರ, ಸರ್ವೆ ಮರ ಅಂತಾರಲ್ಲ ಅದು. ಅದು ಈ ಊರಿನದ್ದಲ್ಲ, 1868ರಲ್ಲಿ ಕಾರವಾರದಲ್ಲಿ ಮೊದಲು ನೆಟ್ಟಿದ್ದು, ರೈಲಿಗೆ ಬೇಕಾದ ಸೌದೆಗೋಸ್ಕರ. ಅಲ್ಲಿಂದ ಶುರುವಾಗಿ ಇಡೀ ಕರಾವಳಿಗೆ ಹಬ್ಬಿಸಿದ್ರು. ಬೇಗ ಬೆಳೆಯುತ್ತೆ, ಗಾಳಿ ತಡೆಯುತ್ತೆ, ಸೌದೆ ಆಗುತ್ತೆ, ನಾನು ಆ ಮರವನ್ನ ಬೈಯೋಕೆ ಹೋಗಲ್ಲ, ಎಷ್ಟೋ ಮನೆಗಳ ಒಲೆ ಉರಿದಿದ್ದು ಅದರಿಂದ. ಆದ್ರೆ ಅದರ ಕೆಳಗೆ ಒಮ್ಮೆ ಹೋಗಿ ಕೂತು ನೋಡಿ. ಕಂದು ಬಣ್ಣದ ಸೂಜಿ ಎಲೆಗಳ ಹಾಸು, ದಪ್ಪ, ಮೆತ್ತಗೆ, ಅದರ ಮೇಲೆ ಒಂದು ಹುಲ್ಲೂ ಇಲ್ಲ. ಹೊನ್ನೆ ಮರದ ಕೆಳಗೆ ಹಾಗಿರಲ್ಲ, ದೇವಸ್ಥಾನದ ಆ ಮರದ ನೆರಳಲ್ಲೇ ಏನೇನೋ ಬಳ್ಳಿ, ಕೇಸವಿನ ಗಿಡ, ಓತಿಕ್ಯಾತ, ಬುಡದ ಪೊಟರೆಯಲ್ಲಿ ಏಡಿ. 2004ರ ಸುನಾಮಿ ಆದ್ಮೇಲೆ ತಮಿಳುನಾಡಿನ ಕಡೆ ಹಸಿರು ಗೋಡೆ ಅಂತ ಹೇಳಿ ಕಡಲಾಮೆ ಮೊಟ್ಟೆ ಇಡೋ ಹೊಯ್ಗೆ ದಿಬ್ಬಗಳ ಮೇಲೂ ಗಾಳಿ ಮರ ನೆಟ್ರು, ಅದರಿಂದ ಆಮೆಗೆ ತೊಂದರೆ ಆಯ್ತು ಅಂತ ಆಮೇಲೆ ತುಂಬಾ ಚರ್ಚೆ ನಡೀತು. ಯಾವ ಮರ ಅನ್ನೋದರ ಜೊತೆಗೆ ಎಲ್ಲಿ ಅನ್ನೋದೂ ಅಷ್ಟೇ ಮುಖ್ಯ ಅಂತ ಆ ಚರ್ಚೆ ಓದುವಾಗ ತಲೆಗೆ ಹೋಗ್ಬೇಕಿತ್ತು. ನನಗೆ ಅದು ಅರ್ಥ ಆಗಿದ್ದು ಐವತ್ತು ಸಸಿ ಕಳ್ಕೊಂಡ ಮೇಲೆ.

2019ರಲ್ಲಿ ಪರಿಸರ ದಿನದ ಹೊತ್ತಿಗೆ ಒಂದು ಸಂಸ್ಥೆಯವರು ಬಂದು ದಂಡೆಗೆ ಗಿಡ ನೆಡೋಣ ಅಂದ್ರು, ನಾನೇ ಹೊನ್ನೆ ಆಗ್ಬೇಕು ಅಂತ ಹಟ ಹಿಡಿದೆ. ಎಲ್ಲಿಂದಲೋ ಸಸಿ ತರಿಸಿದ್ರು, ಎರಡಡಿ ಎತ್ತರ, ಸಣ್ಣ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಎರಡು ವರ್ಷ ಇಟ್ಟಿದ್ದು. ಕೊಟ್ಟೆ ಹರಿದಾಗ ಬೇರು ಹಾವಿನ ಹಾಗೆ ಸುತ್ತಿಕೊಂಡಿತ್ತು, ಅದನ್ನ ನೋಡಿಯೂ ನಾನು ಏನೂ ಹೇಳಲಿಲ್ಲ, ಎಲ್ಲರೂ ಅಷ್ಟು ಉತ್ಸಾಹದಲ್ಲಿದ್ರು. ಸಮುದ್ರಕ್ಕೆ ಮುಖ ಮಾಡಿ, ಅಲೆ ಬಂದು ಹೋಗೋ ಗೆರೆಯಿಂದ ಹತ್ತು ಹೆಜ್ಜೆ ಹಿಂದಕ್ಕೆ, ಬರೀ ಹೊಯ್ಗೆ ಮೇಲೆ ಒಂದೇ ಸಾಲಲ್ಲಿ ಐವತ್ತು ಗಿಡ. ಕಡಲ್ಕೊರೆತ ತಡೀಬೇಕು ಅಂದ್ರೆ ಕಡಲಿನ ಬಾಯಲ್ಲೇ ನೆಡ್ಬೇಕು ಅಂತ ನಮ್ಮ ಲೆಕ್ಕ. ಫೋಟೋ ತೆಗೆದ್ರು, ಹೋದ್ರು. ಜುಲೈ ಶುರುವಿಗೆ ಅಮಾವಾಸ್ಯೆಯ ಹಿಂದೆ ಮುಂದೆ ಎರಡು ದಿನ ಸಮುದ್ರ ಎದ್ದಿತ್ತು, ಮೂರನೇ ದಿನ ಹೋಗಿ ನೋಡಿದ್ರೆ ಗಿಡ ಇರ್ಲಿ, ಗಿಡ ನೆಟ್ಟ ಹೊಯ್ಗೆಯೇ ಇರಲಿಲ್ಲ, ಆಳೆತ್ತರದ ದರೆ ಬಿದ್ದಿತ್ತು. ಒಂದೆರಡು ಸಸಿ ಬೇರು ಮೇಲೆ ಮಾಡಿಕೊಂಡು ಕಸದ ಜೊತೆ ಬಿದ್ದಿದ್ವು, ಬೇರು ಇನ್ನೂ ಕೊಟ್ಟೆಯ ಆಕಾರದಲ್ಲೇ ಇತ್ತು. ಆ ಸಸಿ ಕೈಲಿ ಹಿಡ್ಕೊಂಡು ತುಂಬಾ ಹೊತ್ತು ನಿಂತಿದ್ದೆ.

ಅವತ್ತು ರಂಪಣಿ ಬಲೆಯ, ಅಂದ್ರೆ ದಂಡೆಯಿಂದ ಎಳೆಯೋ ದೊಡ್ಡ ಮೀನುಬಲೆಯ ಒಬ್ಬ ಹಿರಿಯರು ಅಲ್ಲೇ ದೋಣಿ ಮೇಲಕ್ಕೆ ಎಳೆಸ್ತಾ ಇದ್ರು. ಎಪ್ಪತ್ತು ದಾಟಿದ ವಯಸ್ಸು. ಹತ್ರ ಬಂದು ಸಸಿ ನೋಡಿ, ಹೊನ್ನೆಯನ್ನ ಇಲ್ಲಿ ಯಾರಾದ್ರೂ ನೆಡ್ತಾರಾ ಮಾರಾಯ್ರೇ, ಇದು ರಾವಣನ ಮೀಸೆಯ ಜಾಗ, ಹೊನ್ನೆಯದ್ದು ಅದರ ಹಿಂದೆ ಅಂದ್ರು. ಅಷ್ಟೇ ಮಾತು. ಆಮೇಲೆ ನಾನು ಎಷ್ಟು ಪುಸ್ತಕ ಓದಿದ್ರೂ ಆ ಒಂದು ಮಾತನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳ್ತಾ ಇದ್ವು.

ರಾವಣನ ಮೀಸೆ ಅಂದ್ರೆ ದಂಡೆ ಮೇಲಿನ ಮುಳ್ಳು ಹುಲ್ಲು. ಅದರ ಬೀಜದ ತಲೆ ಮುಳ್ಳಿನ ಚೆಂಡಿನ ಹಾಗೆ ಇರುತ್ತೆ, ಗಾಳಿಗೆ ಹೊಯ್ಗೆ ಮೇಲೆ ಉರುಳ್ಕೊಂಡು ಓಡುತ್ತೆ, ಚಿಕ್ಕವರಿದ್ದಾಗ ನಾವು ಅದರ ಹಿಂದೆ ಓಡ್ತಿದ್ವಿ. ಅದರ ಜೊತೆಗೆ ಅಡುಂಬು ಬಳ್ಳಿ, ದನದ ಗೊರಸಿನ ಹಾಗೆ ಸೀಳಿದ ಎಲೆ, ನೇರಳೆ ಹೂವು. ಇವೆರಡೂ ನೋಡೋಕೆ ಕಳೆ, ರೆಸಾರ್ಟ್ ಕಟ್ಟೋರು ಮೊದಲು ಕಿತ್ತು ಹಾಕೋದು ಇವನ್ನೇ, ಬೀಚ್ ಕ್ಲೀನ್ ಮಾಡ್ತೀವಿ ಅಂತ. ಆದ್ರೆ ದಿಬ್ಬ ಕಟ್ಟೋದು ಇವೇ. ಗಾಳಿಯಲ್ಲಿ ಹಾರಿ ಬರೋ ಹೊಯ್ಗೆ ಈ ಎಲೆಗಳಿಗೆ ತಾಗಿ ವೇಗ ಕಳ್ಕೊಂಡು ಅಲ್ಲೇ ಬೀಳುತ್ತೆ, ಬಳ್ಳಿ ಅರ್ಧ ಮುಚ್ಚಿ ಹೋಗುತ್ತೆ, ಸಾಯಲ್ಲ, ಗಿಣ್ಣು ಗಿಣ್ಣಿಗೂ ಬೇರು ಬಿಟ್ಟು ಮತ್ತೆ ಮೇಲೆ ಬರುತ್ತೆ, ಮತ್ತೆ ಹೊಯ್ಗೆ ಬೀಳುತ್ತೆ, ಮತ್ತೆ ಮೇಲೆ ಬರುತ್ತೆ, ಹೀಗೆ ವರ್ಷಗಟ್ಟಲೆ. ಮಳೆಗಾಲದಲ್ಲಿ ಸಮುದ್ರ ದಂಡೆಯ ಹೊಯ್ಗೆ ಎಳ್ಕೊಂಡು ಹೋಗಿ ಸ್ವಲ್ಪ ದೂರದಲ್ಲಿ ನೀರೊಳಗೆ ದಿಣ್ಣೆ ಹಾಕಿ ಇಡುತ್ತೆ, ಮಳೆ ಮುಗಿದ ಮೇಲೆ ಸಣ್ಣ ಅಲೆಗಳು ಅದನ್ನೇ ನಿಧಾನ ವಾಪಸ್ ತಂದು ಹಾಕ್ತವೆ. ಮುಂದಿನ ಆ ಪಟ್ಟಿ ಸಮುದ್ರ ಕೊಟ್ಟು ತಗೊಂಡು ಮಾಡೋ ಜಾಗ, ಅಲ್ಲಿ ಮರ ನಿಲ್ಲಲ್ಲ. ಬಳ್ಳಿ ಹುಲ್ಲು ಹಿಡಿದ ದಿಬ್ಬದ ಹಿಂದೆ ಸ್ವಲ್ಪ ತಂಪು, ಸ್ವಲ್ಪ ಕೊಳೆತ ಎಲೆ, ಅಲ್ಲಿ ಕೇದಗೆ, ಬುಗುರಿ, ಹೊನ್ನೆ. ಈಗ ಎಷ್ಟೋ ಕಡೆ ದಂಡೆಗೆ ಬಂಡೆಕಲ್ಲು ಸುರಿದು ಗೋಡೆ ಕಟ್ಟಿದ್ದಾರೆ, ಅಲ್ಲಿ ಈ ಕೊಡು ಕೊಳ್ಳುವಿಕೆಯೇ ನಿಂತು ಹೋಗಿದೆ, ಅಲೆ ಕಲ್ಲಿಗೆ ಬಡಿದು ಬುಡದ ಹೊಯ್ಗೆ ಕೆದರಿಕೊಂಡು ಹೋಗುತ್ತೆ, ಕಲ್ಲೂ ವರ್ಷ ವರ್ಷ ಕೆಳಗಿಳಿಯುತ್ತೆ. ಮನೆ ಅಂಚಿಗೇ ನೀರು ಬಂದವರ ಸಂಕಟ ನನಗೆ ಗೊತ್ತು, ಅವರು ಕಲ್ಲು ಕೇಳಿದ್ರೆ ತಪ್ಪು ಅನ್ನಲ್ಲ. ಇನ್ನೂ ದಿಬ್ಬ ಉಳಿದಿರೋ ಕಡೆ ಅದನ್ನ ಬುಲ್ಡೋಜರ್ ಹಾಕಿ ಸಮ ಮಾಡ್ತಾರಲ್ಲ, ಅದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಹಾಗಾಗಿ 2020ರಲ್ಲಿ ಒಂದೂ ಮರ ನೆಡಲಿಲ್ಲ. ಅಡುಂಬು ಬಳ್ಳಿಯ ತುಂಡು, ರಾವಣನ ಮೀಸೆಯ ಬೇರುಕಟ್ಟಿದ ಕಡ್ಡಿ, ಇದ್ದ ಕಡೆಯಿಂದ ಸ್ವಲ್ಪ ಸ್ವಲ್ಪ ತಂದು ಮಳೆ ಶುರುವಲ್ಲಿ ಚುಚ್ಚಿದ್ವಿ, ನಾನು ಮತ್ತೆ ಪಕ್ಕದ ಮನೆಯ ಮೂರು ಮಕ್ಕಳು. ದಂಡೆಯ ಜಾಗ ಸರ್ಕಾರದ್ದು, ಏನೇ ಮಾಡೋದಿದ್ರೂ ಮೊದಲು ಪಂಚಾಯ್ತಿಗೂ ಅರಣ್ಯ ಇಲಾಖೆಗೂ ಹೇಳಿ ಮಾಡಿ, ಇದು ಮಾತ್ರ ಮರೀಬೇಡಿ.

ಅದೇ ವರ್ಷ ಮನೆಯಲ್ಲಿ ಬೀಜ ಹಾಕೋಕೆ ಶುರು ಮಾಡಿದ್ದು. ಬಾವಲಿ ಬಿಟ್ಟ ಕಾಯಿಯನ್ನ ಮೂರು ಪಾಲು ಮಾಡಿದೆ. ಒಂದು ಪಾಲು ಗಟ್ಟಿ ಚಿಪ್ಪಿನ ಸಮೇತ ಹಾಗೇ ಹೊಯ್ಗೆಯಲ್ಲಿ ಹುಗಿದೆ, ಒಂದು ಪಾಲಿಗೆ ಚಿಪ್ಪು ಸ್ವಲ್ಪ ಬಿರಿಯೋ ಹಾಗೆ ಮಾತ್ರ ಕುಟ್ಟಿದೆ, ಇನ್ನೊಂದು ಪಾಲಿಗೆ ಚಿಪ್ಪು ಪೂರ್ತಿ ತೆಗೆದೆ. ಪೂರ್ತಿ ತೆಗೆದದ್ದು ಮೂರು ವಾರ ಕಳೆದ ಮೇಲೆ ಮೊಳಕೆ ಬಂತು, ಬಿರಿದದ್ದಕ್ಕೆ ಐದಾರು ವಾರ, ಹಾಗೇ ಹುಗಿದದ್ದು ಎರಡು ತಿಂಗಳಾದ್ರೂ ಸುಮ್ನಿತ್ತು, ಆಮೇಲೆ ಒಂದೊಂದಾಗಿ ಎದ್ದು ಬಂತು. ಆದ್ರೆ ಬೆತ್ತಲೆ ಬೀಜಕ್ಕೆ ಇರುವೆ ಕಾಟ, ಕೊಳೆಯೋದೂ ಜಾಸ್ತಿ, ಹಾಗಾಗಿ ಈಗ ನಾನು ಬಿರಿಸಿಯೇ ಹಾಕ್ತೀನಿ. ಬಿರಿಸೋದಕ್ಕೂ ಒಂದು ಕೈ ಬೇಕು. ಗುಂಡಗಿರೋ ಕಾಯಿ ಕಲ್ಲಿನ ಮೇಲೆ ಜಾರುತ್ತೆ, ಅದಕ್ಕೆ ಕಲ್ಲಲ್ಲಿ ಸಣ್ಣ ಗುಳಿ ಇರ್ಬೇಕು, ಅಜ್ಜಿಯ ಕಲ್ಲಲ್ಲಿ ಆ ಗುಳಿ ಇತ್ತು, ಎಷ್ಟೋ ವರ್ಷ ಕುಟ್ಟಿ ಕುಟ್ಟಿ ಆದದ್ದು, ಈಗಲೂ ಬಾವಿಕಟ್ಟೆ ಹತ್ರ ಇದೆ, ನಾನು ಅದನ್ನೇ ಬಳಸೋದು. ಸುತ್ತಿಗೆ ಎತ್ತಿ ಹೊಡೆಯೋ ಹಾಗಿಲ್ಲ, ಅದರ ಭಾರಕ್ಕೇ ಬಿಡ್ಬೇಕು. ಟಕ್ ಅಂತ ಒಂದು ಸಣ್ಣ ಸದ್ದು, ಕೂದಲೆಳೆಯಷ್ಟು ಬಿರುಕು, ಒಳಗೆ ಬೆಂಡಿನ ಹಾಗೆ ಒಂದು ಮೆತ್ತನೆ ಪದರ ಕಾಣುತ್ತೆ. ಆ ಪದರ ಇರೋದಕ್ಕೇ ಕಾಯಿ ನೀರಲ್ಲಿ ತೇಲೋದು, ಸಮುದ್ರದಲ್ಲಿ ತೇಲಿ ಎಲ್ಲೆಲ್ಲಿಗೋ ಹೋಗಿ ದಡ ಹತ್ತೋದು. ಎರಡು ತಿಂಗಳು ಚಿಪ್ಪು ಬಿಡದೆ ಹಟ ಮಾಡುತ್ತಲ್ಲ, ಅದು ಯಾಕೆ ಅಂತ ಆ ಪದರ ನೋಡಿದಾಗ ನನಗೆ ಹೊಳೆದಿದ್ದು, ನೀರಲ್ಲಿರುವಾಗ ಮೊಳೆತು ಬಿಟ್ರೆ ದಡ ಸಿಗೋದಕ್ಕೆ ಮುಂಚೆ ಸತ್ತು ಹೋಗುತ್ತೆ.

ಮೊಳಕೆ ಬರುವಾಗ ಬೀಜ ಮಣ್ಣಲ್ಲೇ ಉಳಿಯುತ್ತೆ, ಬರೀ ಒಂದು ಕಡ್ಡಿ ಮೇಲೆ ಬರುತ್ತೆ, ತುದಿಯಲ್ಲಿ ಜೋಡಿ ಎಲೆ. ಕೆಳಗೆ ತಾಯಿಬೇರು ಇಳಿಯೋ ವೇಗ ನೋಡ್ಬೇಕು, ಮೇಲೆ ಒಂದು ಗೇಣು ಇದ್ರೆ ಕೆಳಗೆ ಅದಕ್ಕಿಂತ ಜಾಸ್ತಿ. ಅದಕ್ಕೇ ಸಣ್ಣ ಕೊಟ್ಟೆ ಬೇಡ, ಉದ್ದದ ಕೊಟ್ಟೆ ಬೇಕು, ಮತ್ತೆ ಒಂದು ವರ್ಷಕ್ಕಿಂತ ಹೆಚ್ಚು ಇಡ್ಲೇಬಾರದು. ಮೊದಲು ನೆರಳು, ಕೊನೆಯ ಎರಡು ತಿಂಗಳು ಪೂರ್ತಿ ಬಿಸಿಲು, ನೀರು ಕಡಿಮೆ ಮಾಡ್ತಾ ಬರೋದು. ಎತ್ತರದ ಸಸಿ ನೋಡಿ ಯಾರೂ ಮರುಳಾಗ್ಬೇಡಿ, ಗಿಡ್ಡ, ದಪ್ಪ ಕಾಂಡ, ಗಡಸು ಎಲೆ, ಅಂಥದ್ದೇ ದಂಡೆಯಲ್ಲಿ ನಿಲ್ಲೋದು. ಎಲೆ ಮುರಿದ್ರೆ ಬರೋ ಹಾಲು ಕಣ್ಣಿಗೆ ತಾಗದ ಹಾಗೆ ನೋಡ್ಕೊಳ್ಳಿ, ತುಂಬಾ ಉರಿ.

2021ರ ಜೂನ್‌ಗೆ ಮೊದಲು ಆ ಹಿರಿಯರ ಮನೆಗೆ ಹೋಗಿ, ಎಲ್ಲಿ ನೆಡ್ಲಿ ಅಂತ ನೀವೇ ತೋರಿಸ್ಬೇಕು ಅಂತ ಕೇಳ್ದೆ. ಬೇಲೆಗೆ ಬಂದು ಬಹಳ ಹೊತ್ತು ಸುಮ್ನೆ ನಡೆದ್ರು. ದೊಡ್ಡ ಸಮುದ್ರ ಎದ್ದ ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಅನ್ನೋದು ಅವರಿಗೆ ತೆಂಗಿನ ಮರಗಳ ಲೆಕ್ಕದಲ್ಲಿ ನೆನಪಿದೆ, ಈ ಮರದ ಬುಡಕ್ಕೆ ಬಂದಿತ್ತು, ಆ ಮರಕ್ಕೆ ಬಂದಿರಲಿಲ್ಲ ಅಂತ. ಹಾಗೆ ನೋಡ್ಕೊಂಡು ನೋಡ್ಕೊಂಡು ಏಳೆಂಟು ಕಡೆ ಕೋಲು ಹುಗಿದ್ರು. ಇದರಿಂದ ಹಿಂದೆ ನಿಮ್ಮದು, ಮುಂದೆ ಅದರದ್ದು. ಮತ್ತೆ ಎರಡು ಕಡೆ ಅಗಲವಾಗಿ ದಾರಿ ಬಿಡಿ ಅಂದ್ರು, ಒಂದು ದೋಣಿ ಎಳೆಯೋಕೆ, ಬಲೆ ಒಣಗಿಸೋಕೆ. ಇನ್ನೊಂದು ಆಮೆಗೆ. ಜನವರಿಯಿಂದ ಮಾರ್ಚ್ ಒಳಗೆ ರಾತ್ರಿ ಹೊತ್ತು ಕಡಲಾಮೆ ಬಂದು ಗುಂಡಿ ತೋಡಿ ನೂರರ ಆಸುಪಾಸು ಮೊಟ್ಟೆ ಇಟ್ಟು ಹೋಗುತ್ತೆ, ಹೊನ್ನಾವರದ ಕಾಸರಕೋಡು ಟೊಂಕದ ಕಡೆಯೆಲ್ಲ ಇದು ಎಲ್ಲರಿಗೂ ಗೊತ್ತಿರೋದೇ. ಆ ಜಾಗದಲ್ಲಿ ಯಾವ ಮರದ ಬೇರೂ ಬೇಡ. ಹಿಂದೆ ದೂರದಲ್ಲಿ ದಟ್ಟ ಮರ ಇದ್ರೆ ಒಳ್ಳೇದು, ರಸ್ತೆ ದೀಪ ಕಾಣಲ್ಲ, ಮರಿಗಳು ಬೆಳಕು ನೋಡ್ಕೊಂಡು ಊರಿನ ಕಡೆ ಬರೋದು ತಪ್ಪುತ್ತೆ. ದಂಡೆಗೆ ಮರ ಅಂತ ಯೋಚಿಸಿದಾಗ ದಂಡೆ ತುಂಬಾ ಮರ ಅಂತ್ಲೇ ನನ್ನ ತಲೇಲಿ ಇತ್ತು, ಖಾಲಿ ಬಿಡೋ ಜಾಗವೂ ಲೆಕ್ಕದಲ್ಲಿರಬೇಕು ಅಂತ ಕಲ್ತಿದ್ದು ಅವತ್ತು.

ನಲವತ್ತು ಸಸಿ ನೆಟ್ವಿ. ಸಾಲಾಗಿ ಅಲ್ಲ, ಗುಂಪು ಗುಂಪಾಗಿ, ಐದೈದು ಒಂದು ಕಡೆ, ಗುಂಪಿನ ಸಮುದ್ರದ ಕಡೆಗೆ ಕೇದಗೆಯ ಕಡ್ಡಿ. ಗುಂಡಿಗೆ ಗೊಬ್ಬರ ಹಾಕಿಲ್ಲ, ದೇವಸ್ಥಾನದ ಹೊನ್ನೆಯ ಬುಡದಿಂದ ಒಂದೊಂದು ಬೊಗಸೆ ಎಲೆಮಣ್ಣು ಮಾತ್ರ. ಆ ಮಳೆಗಾಲದಲ್ಲಿ ಉಪ್ಪುಗಾಳಿಗೆ ಪಡುವಣ ಕಡೆಯ ಎಲೆಗಳೆಲ್ಲ ಸುಟ್ಟ ಹಾಗೆ ಕಂದಾದ್ವು, ನೋಡೋಕೆ ಆಗ್ತಿರಲಿಲ್ಲ, ಸತ್ತೇ ಹೋಯ್ತು ಅಂದ್ಕೊಂಡೆ. ಸೆಪ್ಟೆಂಬರ್‌ನಲ್ಲಿ ಬುಡದ ಹತ್ರ ಹೊಸ ಜೋಡಿ ಎಲೆ. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ನೀರು ಹೊತ್ವಿ, ಎರಡನೇ ಬೇಸಿಗೆಯಲ್ಲಿ ವಾರಕ್ಕೊಂದು, ಮೂರನೆಯದರಲ್ಲಿ ಇಲ್ಲ. ಕೆಲವು ದನ ಮೆಟ್ಟಿ ಹೋಯ್ತು, ಐದಾರು ಜೀಪಿನ ಚಕ್ರಕ್ಕೆ ಸಿಕ್ಕಿ ಹೋಯ್ತು, ರಾತ್ರಿ ಯಾರೋ ಬೇಲೆ ಮೇಲೆ ಗಾಡಿ ಓಡಿಸಿದ್ದು. ಇಪ್ಪತ್ತಮೂರು ಉಳಿದಿವೆ. ದೊಡ್ಡದು ಈಗ ನನ್ನ ಹೆಗಲಿಗೆ ಬರುತ್ತೆ. ಗಾಳಿ ಮರ ಇಷ್ಟು ಹೊತ್ತಿಗೆ ಮನೆಯೆತ್ತರ ಆಗಿರ್ತಿತ್ತು ಅಂತ ನೋಡಿದವರೆಲ್ಲ ಹೇಳ್ತಾರೆ, ಹೌದು, ಆಗಿರ್ತಿತ್ತು. ಈ ಗಿಡಗಳ ಕೆಳಗೆ ಕೂತು ನೋಡಿದ್ರೆ ಹೊಯ್ಗೆ ಬಣ್ಣ ಬದಲಾಗಿದೆ, ಸ್ವಲ್ಪ ಕಪ್ಪು ಬಂದಿದೆ, ಎಲೆ ಬಿದ್ದು ಕೊಳೆತಲ್ಲೆಲ್ಲ ಸಣ್ಣ ಏಡಿಯ ತೂತು, ಒಂದು ಗುಂಪಿನ ನಡುವೆ ನಾವು ಹಾಕದ ಒಂದು ಹೊಂಗೆ ಹುಟ್ಟಿದೆ.

ಹಿರಿಯರು ಪ್ರತಿ ಮೇ ತಿಂಗಳು ಬಂದು ಕೋಲು ನೋಡ್ತಾರೆ. ಅವರ ಅಪ್ಪನ ದೋಣಿಗೆ ಹೊನ್ನೆ ಮರವನ್ನೇ ಬಳಸಿದ್ರಂತೆ, ಉಪ್ಪುನೀರಿಗೆ ಅಂಜದ ಮರ ಅಂತ ಹೇಳ್ತಾ ಎಲೆ ಸವರ್ತಾರೆ. ಈ ವರ್ಷ ಬಂದಾಗ ಮಾತಾಡಲಿಲ್ಲ, ತೆಂಗಿನ ಮರ ಎಣಿಸ್ಕೊಂಡು ನಡೆದ್ರು, ನಡುವಿನ ಮೂರು ಕೋಲು ಕಿತ್ತು ನಾಲ್ಕು ಹೆಜ್ಜೆ ಹಿಂದಕ್ಕೆ ಹುಗಿದ್ರು. ಆ ಭಾಗದಲ್ಲಿ ಸಮುದ್ರ ಅಷ್ಟು ಒಳಗೆ ಬಂದಿದೆ. ನಮ್ಮ ಎರಡು ಹೊನ್ನೆ ಈಗ ಕೋಲಿನ ಮುಂದೆ ನಿಂತಿವೆ. ಕಿತ್ತು ಹಿಂದೆ ನೆಡ್ಲಾ ಅಂತ ಕೇಳ್ದೆ. ಒಂದರ ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡಿದ್ರು, ಬೇಡ, ತಾಯಿಬೇರು ಇಳಿದಾಗಿದೆ, ಈಗ ಕಿತ್ರೆ ಸಾಯುತ್ತೆ, ಅಲ್ಲೇ ಇರ್ಲಿ, ಮುಂದೆ ಮೀಸೆ ಹಾಕಿ ಅಂದ್ರು.

ಭಾನುವಾರ ಮಕ್ಕಳಿಗೆ ರಜೆ, ಅವರೂ ಬರ್ತೀವಿ ಅಂದಿದ್ದಾರೆ. ರಾವಣನ ಮೀಸೆಯ ಕಡ್ಡಿ ಎರಡು ಗೋಣಿ ಒದ್ದೆ ಮಾಡಿ ಬಾವಿಕಟ್ಟೆ ನೆರಳಲ್ಲಿ ಇಟ್ಟಿದ್ದೀನಿ, ಪಕ್ಕದಲ್ಲಿ ಈ ಸಲದ ಹೊನ್ನೆಬೀಜ, ಇನ್ನೂ ಅರ್ಧ ಬಿರಿಸೋದು ಬಾಕಿ ಇದೆ.